ತುಂಬಿದ ಅಲಮಾರಿಯಲ್ಲಿ ಒಂದು ಅರ್ಥಶಾಸ್ತ್ರದ ಪಾಠ



ದ್ವಿತೀಯ ಪಿಯುಸಿ ಅರ್ಥಶಾಸ್ತ್ರದಲ್ಲಿ ಅನುಭೋಗಿಯ ವರ್ತನೆಯ ಅಧ್ಯಾಯವಿದೆ. ಅಲ್ಲಿ ಬರುವ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ನಾವು ಸಾಮಾನ್ಯವಾಗಿ ಮಾವಿನಹಣ್ಣು ಅಥವಾ ರೊಟ್ಟಿಯ ಉದಾಹರಣೆಯಿಂದ ಕಲಿಯುತ್ತೇವೆ. ಹಸಿದವನಿಗೆ ಮೊದಲ ರೊಟ್ಟಿ ಕೊಡುವ ತೃಪ್ತಿಯನ್ನು ಐದನೆಯ ರೊಟ್ಟಿ ಕೊಡುವುದಿಲ್ಲ. ಜರ್ಮನಿಯ ಹರ್ಮನ್ ಗೊಸೆನ್ 1854ರಲ್ಲಿಯೇ ಈ ಮಾತನ್ನು ಬರೆದರು. 1890ರಲ್ಲಿ ಪ್ರಕಟವಾದ ಆಲ್‌ಫ್ರೆಡ್ ಮಾರ್ಷಲ್ ಅವರ ಗ್ರಂಥದಿಂದ ಅದು ಎಲ್ಲೆಡೆ ಹರಡಿತು.

ಈ ವರ್ಷ ನಾನು ರೊಟ್ಟಿಯ ಬದಲು ಬಟ್ಟೆಯ ಅಲಮಾರಿಯನ್ನು ತೆಗೆದುಕೊಂಡೆ. ತಿಂದ ರೊಟ್ಟಿ ಮುಗಿದುಹೋಗುತ್ತದೆ, ಬಟ್ಟೆ ಮನೆಯಲ್ಲೇ ಉಳಿಯುತ್ತದೆ. ಆದ್ದರಿಂದ ಈ ನಿಯಮವನ್ನು ಕೈಯಿಂದ ಮುಟ್ಟಿ, ಎಣಿಸಿ ನೋಡಲು ಅಲಮಾರಿಯೇ ಒಳ್ಳೆಯ ಪ್ರಯೋಗಶಾಲೆ. ದಸರಾ ರಜೆಯಲ್ಲಿ ಮಾಡಲು ಒಂದು ಚಿಕ್ಕ ಅಭ್ಯಾಸ ಕೊಟ್ಟೆ: ನಿಮ್ಮ ಬಟ್ಟೆ ಒಟ್ಟು ಎಷ್ಟು, ಕಳೆದ ಹನ್ನೆರಡು ತಿಂಗಳಲ್ಲಿ ತೊಟ್ಟಿದ್ದು ಎಷ್ಟು, ಮುಟ್ಟದೇ ಉಳಿದಿದ್ದು ಎಷ್ಟು? ಹಾಳೆಯ ಮೇಲೆ ಹೆಸರು ಬೇಡ, ತಾಲ್ಲೂಕು ಮಾತ್ರ ಸಾಕು ಎಂದಿದ್ದೆ.

ಅಫಜಲಪುರ ತಾಲ್ಲೂಕಿನ ಒಂದು ಹಾಳೆಯಲ್ಲಿ ಒಟ್ಟು 74, ತೊಟ್ಟಿದ್ದು 29 ಎಂದಿತ್ತು. ಆಳಂದದ ಒಂದರಲ್ಲಿ 52ಕ್ಕೆ 24. ಜೇವರ್ಗಿ ತಾಲ್ಲೂಕಿನ ಒಂದು ಹಾಳೆಯಲ್ಲಿ ಹೀಗಿತ್ತು: "ಅಲಮಾರಿ ಇಲ್ಲ. ಒಂದು ಬ್ಯಾಗು ಇದೆ. ಯೂನಿಫಾರ್ಮ್ ಸೇರಿ ನಾಲ್ಕು ಜೊತೆ. ನಾಲ್ಕೂ ತೊಡುತ್ತೇನೆ." ಒಂದೇ ತರಗತಿಯಲ್ಲಿ ಒಂದೇ ನಿಯಮದ ಎರಡು ತುದಿಗಳು ಸಿಕ್ಕವು. ಈ ಲೇಖನ ಆ ಎರಡು ತುದಿಗಳ ನಡುವಿನ ದಾರಿಯ ಬಗ್ಗೆ.

ಅಲಮಾರಿ ಏಕೆ ತುಂಬುತ್ತದೆ?

ಮೊದಲನೆಯ ಕಾರಣ, ಕೊಟ್ಟ ದುಡ್ಡಿನ ನೆನಪು. "ಎರಡು ಸಾವಿರದ ಡ್ರೆಸ್ಸು, ಹೇಗೆ ಕೊಡಲಿ?" ಎನ್ನುತ್ತೇವೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಮುಳುಗಿದ ವೆಚ್ಚ ಎನ್ನುತ್ತಾರೆ. ಬಟ್ಟೆ ಇಟ್ಟುಕೊಂಡರೂ ಕೊಟ್ಟರೂ ಆ ಎರಡು ಸಾವಿರ ಮರಳಿ ಬರುವುದಿಲ್ಲ. ಆದ್ದರಿಂದ ಇಂದಿನ ತೀರ್ಮಾನದಲ್ಲಿ ಅದಕ್ಕೆ ಜಾಗವಿಲ್ಲ.

ಎರಡನೆಯದು, "ಮುಂದೆ ಬೇಕಾದೀತು" ಎಂಬ ಆಸೆ. ಬೆಳೆಯುವ ವಯಸ್ಸಿನವರ ಬಟ್ಟೆಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಬಿಗಿಯಾದ ಪ್ಯಾಂಟು ಪಿಯುಸಿಯಲ್ಲಿ ಸಡಿಲಾಗುವುದಿಲ್ಲ.

ಮೂರನೆಯದು, ಪ್ರೀತಿಯ ಭಾರ. ಈದ್‌ಗೆ ಹೊಲಿಸಿದ್ದು, ಮದುವೆಯ ಆಹೇರಿನಲ್ಲಿ ಬಂದ ಸೀರೆ, ಖಣ, ಪ್ಯಾಂಟ್ ಪೀಸು. ಕೊಟ್ಟವರ ಮನಸ್ಸು ದೊಡ್ಡದು, ನಿಜ. ಆದರೆ ಹೊಲಿಸದೆ ಹತ್ತು ವರ್ಷ ಮಡಿಕೆಯಲ್ಲೇ ಹಳದಿಯಾದ ಬಟ್ಟೆಯಿಂದ ಕೊಟ್ಟವರಿಗೂ ಸಂತೋಷವಿಲ್ಲ.

ಬೇರ್ಪಡಿಸುವ ಕ್ರಮ

ಒಂದು ಬಾರಿಗೆ ಒಬ್ಬರ ಬಟ್ಟೆಯನ್ನು ಮಾತ್ರ ತೆಗೆಯಿರಿ. ಎಲ್ಲವನ್ನೂ ಚಾದರದ ಮೇಲೆ ಸುರಿದು, ಖಾಲಿ ಅಲಮಾರಿಯನ್ನು ಒರೆಸಿ ಒಣಗಲು ಬಿಡಿ. ನಂತರ ನಾಲ್ಕು ಗುಂಪು ಮಾಡಿ: ತೊಡುವುದು, ದುರಸ್ತಿಗೆ, ಕೊಡುವುದು, ತೊಡಲು ಬಾರದ್ದು.

ಪ್ರತಿ ಬಟ್ಟೆಗೂ ಮೂರು ಪ್ರಶ್ನೆ ಕೇಳಿ. ಇವತ್ತು ಮೈಗೆ ಸರಿಯಾಗುತ್ತದೆಯೇ? ಬೇಸಿಗೆ, ಮಳೆ, ಚಳಿ, ಹಬ್ಬ ಎಲ್ಲ ಕಳೆದ ಒಂದು ವರ್ಷದಲ್ಲಿ ಒಮ್ಮೆಯಾದರೂ ತೊಟ್ಟಿದ್ದೇನೆಯೇ? ಇದು ಇವತ್ತು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕರೆ ಕೊಳ್ಳುತ್ತೇನೆಯೇ? ಮೂರಕ್ಕೂ "ಇಲ್ಲ" ಎಂದಾದರೆ ಅದು ಕೊಡುವ ಗುಂಪಿಗೆ. ದುರಸ್ತಿಯ ಗುಂಪಿಗೆ ಹದಿನೈದು ದಿನದ ಗಡುವು ಇಡಿ. ಗುಂಡಿ, ಜಿಪ್ಪು, ಅಂಚು ಅಷ್ಟರೊಳಗೆ ಸರಿಯಾಗದಿದ್ದರೆ ಮುಂದೆಯೂ ಆಗುವುದಿಲ್ಲ.

ಒಂದು ಎಚ್ಚರಿಕೆ. ಅಮ್ಮನ, ಅಜ್ಜಿಯ ಬಟ್ಟೆಗೆ ಅವರನ್ನು ಕೇಳದೆ ಕೈ ಹಾಕಬೇಡಿ. ಅಜ್ಜಿಯ ಮದುವೆ ಸೀರೆ, ತಾತನ ಶೇರವಾನಿ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅವು ಮನೆಯ ಇತಿಹಾಸ.

ಉಳಿಸಿಕೊಂಡದ್ದನ್ನು ಒಗೆದು, ಗಂಜಿ ತೆಗೆದು, ಪೂರ್ತಿ ಒಣಗಿಸಿ ಇಡಿ. ಗಂಜಿಯ ಬಟ್ಟೆಗೆ ಬೆಳ್ಳಿಮೀನು ಹುಳು ಬರುತ್ತದೆ. ಉಣ್ಣೆ, ರೇಷ್ಮೆಯನ್ನು ಬಟ್ಟೆ ಪತಂಗದ ಮರಿಹುಳು ತಿನ್ನುತ್ತದೆ, ಬೆವರು, ಎಣ್ಣೆ ಹತ್ತಿದ್ದರೆ ಇನ್ನೂ ಬೇಗ. ಜರಿ ಸೀರೆಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಹಸುಗೂಸಿನ ಬಟ್ಟೆಯ ನಡುವೆ ನ್ಯಾಫ್ತಲೀನ್ ಗುಳಿಗೆ ಇಡಬೇಡಿ. ಜಿ6ಪಿಡಿ ಕೊರತೆಯಿರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಹೊರಬಂದ ಬಟ್ಟೆ ಎಲ್ಲಿಗೆ ಹೋಗಬೇಕು?

ತಿಪ್ಪೆಗೆ ಬೇಡ. ಒಂದು ಹತ್ತಿ ಟೀಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಇರುತ್ತದೆ ಎಂಬ ಅಂದಾಜಿದೆ. ಮಳೆಗಾಗಿ ಮುಗಿಲು ನೋಡುತ್ತಾ ಹತ್ತಿ ಬೆಳೆಯುವ ಜೇವರ್ಗಿಯ ಮನೆಗಳ ಮಕ್ಕಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಪಾಲಿಯೆಸ್ಟರ್ ಮಣ್ಣಿನಲ್ಲಿ ಬೇಗ ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ.

ತೊಡಲು ಬಾರದ ಹತ್ತಿಬಟ್ಟೆಗೆ ನಮ್ಮ ಕಡೆ ಹಳೆಯ ದಾರಿಯೇ ಇದೆ: ಕೌದಿ. ಹಳೆ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ತುಂಡು ಬಟ್ಟೆ ಕೂಡಿಸಿ, ಸಾಲು ಹೊಲಿಗೆ ಹಾಕಿದರೆ ಚಳಿಗಾಲಕ್ಕೆ ಹೊದಿಕೆ ಸಿದ್ಧ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇದೇ ಕೆಲಸದಿಂದ ಹೆಸರು ಮಾಡಿದ್ದಾರೆ. ಓಣಿಗೆ ಬಂದು ಹಳೆ ಬಟ್ಟೆಗೆ ಸ್ಟೀಲ್ ಭಾಂಡಿ ಕೊಡುವವರೂ ಈ ಸರಪಳಿಯ ಒಂದು ಕೊಂಡಿಯೇ. ಹರಿಯಾಣದ ಪಾಣಿಪತ್‌ನಲ್ಲಿ ಹಳೆ ಬಟ್ಟೆಯ ನೂಲು ಬಿಡಿಸಿ ಕಂಬಳಿ ನೇಯುವ ದೊಡ್ಡ ಉದ್ಯಮವೇ ಇದೆ.

ಕೊಡುವ ಬಟ್ಟೆಗೆ ಒಂದು ಮಾತು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿದೆ. ಅಂಥ ಹೊತ್ತಿನಲ್ಲಿ ಹರಿದ, ಒಗೆಯದ ಬಟ್ಟೆ ಕಳಿಸಿದರೆ ಅದು ನೆರವಲ್ಲ, ಇನ್ನೊಂದು ಹೊರೆ. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಹೀಗೆಯೇ ರಾಶಿ ರಾಶಿ ಬಟ್ಟೆ ಬಳಕೆಯಾಗದೆ ಬಿತ್ತು. ಅಂಶು ಗುಪ್ತಾ 1999ರಲ್ಲಿ ಆರಂಭಿಸಿದ ಗೂಂಜ್ ಸಂಸ್ಥೆ ಅದನ್ನು ಬೇರ್ಪಡಿಸಿ ಉಪಯೋಗಕ್ಕೆ ತರುವ ಕೆಲಸಕ್ಕೆ ಇಳಿಯಿತು. ನಾವೇ ತೊಡಲು ನಾಚುವುದನ್ನು ಇನ್ನೊಬ್ಬರಿಗೆ ಕೊಡಬಾರದು ಎಂದು ಹಿರಿಯರು ಹೇಳುವುದು ಇದಕ್ಕೇ.

ಜೂನ್ ತಿಂಗಳ ಲೆಕ್ಕ

ಈಗ ಆ ಎರಡು ತುದಿಗಳಿಗೆ ಬರೋಣ. ಜೂನ್‌ನಲ್ಲಿ ರೈತನ ಮನೆಗೆ ಎಲ್ಲ ಖರ್ಚೂ ಒಟ್ಟಿಗೆ ಬರುತ್ತದೆ: ತೊಗರಿ ಬೀಜ, ಗೊಬ್ಬರ, ಬಿತ್ತನೆಯ ಕೂಲಿ, ಕಾಲೇಜಿನ ಫೀಸು, ಪುಸ್ತಕ, ಬಸ್ ಪಾಸು. ಅದರ ಮೇಲೆ ಎರಡು ಜೊತೆ ಯೂನಿಫಾರ್ಮ್. ಯೂನಿಫಾರ್ಮ್ ಹೊಲಿಸುವವರೆಗೆ ಮಗ, ಮಗಳು ಕಾಲೇಜಿಗೆ ಬರುವುದು ತಡವಾದರೆ ಮೊದಲ ಅಧ್ಯಾಯವೇ ತಪ್ಪುತ್ತದೆ. ಅದೇ ಹೊತ್ತಿಗೆ, ಪರೀಕ್ಷೆ ಮುಗಿಸಿದ ದ್ವಿತೀಯ ವರ್ಷದವರ ಯೂನಿಫಾರ್ಮ್ ಅಲಮಾರಿಯ ತಳ ಸೇರಿರುತ್ತದೆ.

ಇಬ್ಬರ ತೃಪ್ತಿಯನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು ಎಂದು ಅರ್ಥಶಾಸ್ತ್ರಜ್ಞರು ಎಚ್ಚರಿಸುತ್ತಾರೆ. ಆದರೆ ಆ ಯೂನಿಫಾರ್ಮಿನಿಂದ ನಿಮಗೆ ಸಿಗುವ ತುಷ್ಟಿಗುಣ ಸೊನ್ನೆ ಎಂದು ನಿಮಗೇ ಗೊತ್ತಿರುವಾಗ ತಕ್ಕಡಿಯೇ ಬೇಕಿಲ್ಲ. ಅದಕ್ಕೇ ನನ್ನ ವಿನಂತಿ: ಅಂಕಪಟ್ಟಿ ತೆಗೆದುಕೊಳ್ಳಲು ಬರುವಾಗ ಯೂನಿಫಾರ್ಮನ್ನು ಒಗೆದು, ಇಸ್ತ್ರಿ ಮಾಡಿ, ಗುಂಡಿ ಸರಿಪಡಿಸಿ ತನ್ನಿ. ಒಂದು ಚೀಟಿಯಲ್ಲಿ ಅಳತೆ ಬರೆಯಿರಿ, ಹೆಸರು ಬೇಡ. ತೆಗೆದುಕೊಳ್ಳುವವರ ಹೆಸರನ್ನೂ ಯಾರೂ ಬರೆದಿಡುವುದಿಲ್ಲ. ಕೊಟ್ಟವರು ಯಾರೆಂದು ತೊಟ್ಟವರಿಗೆ ಗೊತ್ತಾಗಬಾರದು, ತೊಟ್ಟವರು ಯಾರೆಂದು ಕೊಟ್ಟವರಿಗೂ ಗೊತ್ತಾಗಬಾರದು.

ಅಭ್ಯಾಸ

1. ನಿಮ್ಮ ಅಂಗಿಗಳನ್ನು ಹೆಚ್ಚು ತೊಡುವುದರಿಂದ ಕಡಿಮೆ ತೊಡುವುದರವರೆಗೆ ಸಾಲಾಗಿ ಬರೆಯಿರಿ. ತಿಂಗಳಿಗೆ ಎಷ್ಟು ಬಾರಿ ತೊಟ್ಟಿರಿ ಎಂಬುದರ ರೇಖೆ ಎಳೆದು, ಅದು ಎಷ್ಟನೆಯ ಅಂಗಿಯ ಬಳಿ ಸೊನ್ನೆ ಮುಟ್ಟುತ್ತದೆ ಎಂದು ಗುರುತಿಸಿ.

2. ಮುಂದಿನ ಹಬ್ಬಕ್ಕೆ ಕೊಳ್ಳಬೇಕೆಂದಿರುವ ಒಂದು ಬಟ್ಟೆಯ ಅವಕಾಶ ವೆಚ್ಚ ಏನು? ಅದೇ ಹಣದಲ್ಲಿ ಬಿಟ್ಟುಕೊಡುವ ಒಂದು ವಸ್ತುವನ್ನು ಹೆಸರಿಸಿ.

3. ತೊಡದೇ ಉಳಿದ ಒಂದು ಬಟ್ಟೆಯನ್ನು ಆರಿಸಿ, ಈ ತಿಂಗಳೊಳಗೆ ಅದನ್ನು ತೊಡುವವರ ಕೈಗೆ ಮುಟ್ಟಿಸಿ. ಇದಕ್ಕೆ ಅಂಕವಿಲ್ಲ.