ಹಳೆಯ ಆಟ, ಹಳೆಯ ಯಂತ್ರ: ಒಂದು ಪಾಠ

ಪ್ರಾಚೀನ ವಸ್ತುವೊಂದನ್ನು ಉಳಿಸಿಕೊಳ್ಳಬೇಕೆಂಬ ಮಾತನ್ನು ನಾವು ಶಾಸನಗಳ ಬಗೆಗೆ, ತಾಳೆಗರಿಗಳ ಬಗೆಗೆ ಕೇಳಿದ್ದೇವೆ. ಮಕ್ಕಳ ಆಟಿಕೆಯೊಂದಕ್ಕೂ ಈ ಮಾತು ಸಲ್ಲುವುದೆಂಬುದನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ತಂದೆಯವರು ಹಟ್ಟಿ ಚಿನ್ನದ ಗಣಿಯಲ್ಲಿ ಭೂಗರ್ಭದ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಹೊರಡುವಾಗ ಹಳೆಯ ಟಿ.ವಿ.ಯನ್ನು ಗುಜರಿಗೆ ಕೊಟ್ಟೆವು. ನಮ್ಮ ಬಾಲ್ಯದ ವಿಡಿಯೋ ಗೇಮ್ ಯಂತ್ರ, ಅದರ ಕ್ಯಾಸೆಟ್ಟು ಹಾಗೂ ಪ್ಲಾಸ್ಟಿಕ್ ಬಂದೂಕು ಮಾತ್ರ ಟ್ರಂಕಿನಲ್ಲಿ ಉಳಿದವು. ಕಳೆದ ವರ್ಷ ನನ್ನ ಅಣ್ಣನ ಮಗ ಅವನ್ನು ಹೊರತೆಗೆದು ಮನೆಯ ಹೊಸ ಟಿ.ವಿ.ಗೆ ಜೋಡಿಸಿದನು. ಬಾತುಕೋಳಿಗಳು ಪರದೆಯ ಮೇಲೆ ಹಾರಿದವು. ಆದರೆ ಎಷ್ಟು ಗುರಿಯಿಟ್ಟರೂ ಒಂದೂ ಬೀಳಲಿಲ್ಲ. "ಕಾಕಾ, ಬಂದೂಕು ಕೆಟ್ಟಿದೆಯೇ?" ಎಂದು ಕೇಳಿದನು. ಬಂದೂಕು ಕೆಟ್ಟಿರಲಿಲ್ಲ. ಕಾರಣವನ್ನು ವಿವರವಾಗಿ ನೋಡೋಣ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ 'ಫ್ಯಾಮಿಕಾಂ' ಎಂಬ ಯಂತ್ರವನ್ನು ಹೊರತಂದಿತು. ನಮ್ಮ ದೇಶದಲ್ಲಿ ಅದು 'ಸಮುರಾಯ್' ಎಂಬ ಹೆಸರಿನಲ್ಲಿ ಮಾರಾಟವಾದುದುಂಟು. ಅದನ್ನು ಅನುಕರಿಸಿದ ಅಗ್ಗದ ಯಂತ್ರಗಳು ಇನ್ನೂ ಹೆಚ್ಚಾಗಿ ಹರಡಿದವು. ನಮ್ಮದೂ ಅಂತಹುದೇ. ಮೂಲ ಯಂತ್ರದ ಕೆಲಸದ ಸ್ಮೃತಿ ಕೇವಲ 2 ಕಿಲೋಬೈಟ್. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟವು ಚಿತ್ರಗಳೂ ಸೇರಿ 40 ಕಿಲೋಬೈಟಿನಲ್ಲಿ ಅಡಗಿದೆ. ಆ ಆಟದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಆಕೃತಿ. ಬಣ್ಣ ಮಾತ್ರ ಬೇರೆ. ಇರುವ ಅಲ್ಪದಲ್ಲಿಯೇ ಹಿತಮಿತವಾಗಿ ಕೆಲಸ ಸಾಧಿಸಿದ ರೀತಿಯನ್ನು ಇಲ್ಲಿ ಕಾಣಬಹುದು.

ಇನ್ನು ಬಂದೂಕಿನ ವಿಷಯ. 'ಡಕ್ ಹಂಟ್' ಎಂಬ ಬಾತುಕೋಳಿ ಬೇಟೆಯ ಆಟ 1984ರದು. ಬಂದೂಕಿನಿಂದ ಏನೋ ಹೊರಟು ಪರದೆಯನ್ನು ತಾಕುತ್ತದೆಂದು ನಾವು ಬಾಲ್ಯದಲ್ಲಿ ತಿಳಿದಿದ್ದೆವು. ವಸ್ತುಸ್ಥಿತಿ ಇದಕ್ಕೆ ವಿರುದ್ಧ. ಬಂದೂಕಿನಿಂದ ಏನೂ ಹೊರಡುವುದಿಲ್ಲ. ಅದು ಕಣ್ಣಿನಂತೆ ನೋಡುತ್ತದೆ. ಕುದುರೆ ಒತ್ತಿದೊಡನೆ ಇಡೀ ಪರದೆ ಕ್ಷಣಮಾತ್ರ ಕಪ್ಪಾಗುತ್ತದೆ. ಮರುಕ್ಷಣದಲ್ಲಿ ಬಾತುಕೋಳಿ ಇದ್ದ ಸ್ಥಳದಲ್ಲಿ ಬಿಳಿಯ ಚೌಕವೊಂದು ಮೂಡಿ ಮಾಯವಾಗುತ್ತದೆ. ಮೊದಲು ಕತ್ತಲನ್ನೂ ಬಳಿಕ ಬೆಳಕನ್ನೂ ಬಂದೂಕಿನ ಕಣ್ಣು ಕಂಡರೆ ಗುರಿ ತಾಕಿತೆಂದು ಯಂತ್ರವು ನಿರ್ಣಯಿಸುತ್ತದೆ.

ಹಳೆಯ ಟಿ.ವಿ.ಯ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನ್ ಕಿರಣವು ಗೆರೆಗೆರೆಯಾಗಿ ಚಿತ್ರ ಬರೆಯುತ್ತದೆ; ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆಗಳು. ಈ ವೇಗದಲ್ಲಿ ಮಿನುಗುವ ಬೆಳಕನ್ನು ಮಾತ್ರ ಗುರುತಿಸುವಂತೆ ಬಂದೂಕನ್ನು ರಚಿಸಲಾಗಿದೆ. ಆದುದರಿಂದಲೇ ಕೋಣೆಯ ದೀಪಕ್ಕೆ ಗುರಿಯಿಟ್ಟು ಅದನ್ನು ವಂಚಿಸಲಾಗದು. ಹೊಸ ಚಪ್ಪಟೆ ಟಿ.ವಿ.ಯಲ್ಲಾದರೋ ಇಂತಹ ಮಿನುಗು ಇಲ್ಲ. ಮೇಲಾಗಿ ಅದು ಚಿತ್ರವನ್ನು ಸ್ವಲ್ಪ ತಡವಾಗಿ ತೋರಿಸುತ್ತದೆ. ಬೆಳಕು ಬರುವ ಹೊತ್ತಿಗೆ ಬಂದೂಕು ನೋಡುವುದನ್ನು ನಿಲ್ಲಿಸಿರುತ್ತದೆ. ಯಂತ್ರ, ಕ್ಯಾಸೆಟ್ಟು, ಬಂದೂಕು ಮೂರನ್ನೂ ಕಾಪಾಡಿದ್ದ ನಾವು ನಾಲ್ಕನೆಯದನ್ನು ಗುಜರಿಗೆ ಹಾಕಿದ್ದೆವು!

ಕ್ಯಾಸೆಟ್ಟಿನ ಬಗೆಗೂ ಒಂದು ಮಾತು. ಅದು ಓಡದಿದ್ದಾಗ ಬಾಯಿಂದ ಊದಿ ಮತ್ತೆ ಸಿಕ್ಕಿಸುವುದು ಎಲ್ಲ ಮಕ್ಕಳ ರೂಢಿಯಾಗಿತ್ತು. ಓಡುತ್ತಿದ್ದುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಸಿಕ್ಕಿಸಿದ್ದರಿಂದ. ಉಸಿರಿನ ತೇವವು ತಾಮ್ರವನ್ನು ಕೆಡಿಸುತ್ತದೆ. ಉತ್ತಮ ಕ್ಯಾಸೆಟ್ಟುಗಳ ಸಂಪರ್ಕದ ಪಟ್ಟಿಗಳಿಗೆ ಚಿನ್ನದ ತೆಳುವಾದ ಲೇಪವಿರುತ್ತದೆ; ಚಿನ್ನಕ್ಕೆ ಕಿಲುಬು ಹಿಡಿಯದೆಂಬುದನ್ನು ಹಟ್ಟಿಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಆ ಲೇಪವನ್ನು ರಬ್ಬರಿನಿಂದ ಉಜ್ಜಿ ಸವೆಸಬಾರದು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ಣ ಒಣಗಿದ ಮೇಲೆಯೇ ಬಳಸಬೇಕು.

ಲಿಂಗಸುಗೂರಿನಲ್ಲಿ ರಿಪೇರಿ ಅಂಗಡಿಯೊಂದರ ಮೂಲೆಯಲ್ಲಿ ಗಾಜಿನ ಕೊಳವೆಯ ಟಿ.ವಿ.ಯೊಂದು ದೊರೆಯಿತು. ಅದರ ಹಿಂಬದಿಯನ್ನು ವಿದ್ಯಾರ್ಥಿಗಳು ಎಂದಿಗೂ ಬಿಚ್ಚಬಾರದು. ಒಳಗೆ ಇಪ್ಪತ್ತು ಸಾವಿರ ವೋಲ್ಟುಗಳಿಗೂ ಮೀರಿದ ವಿದ್ಯುತ್ತಿರಬಹುದು. ತಂತಿ ಕಿತ್ತ ಮೇಲೂ ಅದು ಉಳಿದಿರುವುದುಂಟು. ಅಂಗಡಿಯವರೇ ಪರೀಕ್ಷಿಸಿ ಕೊಟ್ಟರು.

ಅಂದು ಸಂಜೆ ಹುಡುಗನ ಮೊದಲ ಹೊಡೆತಕ್ಕೇ ಬಾತುಕೋಳಿ ಬಿತ್ತು. ಬಳಿಕ ಅವನು ಬಂದೂಕನ್ನು ತನ್ನ ಅಜ್ಜನ ಕೈಗಿತ್ತನು. ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದ ತಂದೆಯವರು ಸ್ನಾನಕ್ಕೆ ಮುನ್ನ ನಮ್ಮೊಡನೆ ಒಂದು ಸುತ್ತು ಆಡುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. ಮೂರು ಹೊಡೆತಗಳೂ ತಪ್ಪಿದವು. "ನಿಮ್ಮ ಟಿ.ವಿ. ಸರಿಯಿದೆ, ನಾನೇ ಹಳಬನಾದೆ" ಎಂದು ನಕ್ಕು, ಮತ್ತೆ ಗುರಿಯಿಟ್ಟರು.

ಇದೇ ಆಟವನ್ನು ಇಂದು ಮೊಬೈಲಿನಲ್ಲಿಯೂ ಆಡಬಹುದು; ಅದನ್ನು ಹಳಿಯಬೇಕಾಗಿಲ್ಲ. ಆದರೆ ಅಲ್ಲಿ ಬೆರಳಿನಿಂದ ಪರದೆಯನ್ನು ಮುಟ್ಟಬೇಕೇ ಹೊರತು, ಬಂದೂಕು ಹಿಡಿದು ದೂರದಿಂದ ಗುರಿಯಿಡುವುದಿಲ್ಲ. ಯಂತ್ರ, ಪರದೆ, ಬಂದೂಕು, ಆಡುವ ಕೈ ಇವೆಲ್ಲ ಕೂಡಿದಾಗಲೇ ಆ ಆಟ ಪೂರ್ಣವಾಗುತ್ತದೆ. ಒಂದು ಅಂಗವನ್ನು ನಿರುಪಯುಕ್ತವೆಂದು ಎಸೆಯುವ ಮುನ್ನ, ಮತ್ತಾವುದು ಅದನ್ನು ಆಶ್ರಯಿಸಿದೆಯೆಂದು ವಿಚಾರಿಸುವುದು ವಿವೇಕ. ನಿಮ್ಮ ಮನೆಯ ಅಟ್ಟದಲ್ಲಿರುವ ಹಳೆಯ ವಸ್ತುಗಳನ್ನು ಗುಜರಿಗೆ ಕೊಡುವ ಮೊದಲು ಹಿರಿಯರನ್ನೊಮ್ಮೆ ಕೇಳಿರಿ.