ಕೆಮ್ಮು-ಜ್ವರದ ಲೆಕ್ಕ ಯಾರು ಇಡುತ್ತಾರೆ?

ಮಳೆಗಾಲ ಮುಗಿಯುತ್ತಾ ಬಂದಂತೆ ನನ್ನ ದವಾಖಾನೆಗೆ ಬರುವವರಲ್ಲಿ ನಜ್ಲಾ, ಜುಕಾಮ್, ಕೆಮ್ಮಿನವರೇ ಹೆಚ್ಚು. "ಹವಾ ಬದಲಾಯಿತಲ್ಲ ಹಕೀಮ್ ಸಾಬ್, ಅದಕ್ಕೇ" ಎಂದು ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ. ಮಾತು ಸುಳ್ಳಲ್ಲ. ಹೊಸ ಊರಿಗೆ ಹೋದ ವೈದ್ಯ ಮೊದಲು ಅಲ್ಲಿನ ಋತು, ಗಾಳಿ, ನೀರನ್ನು ಗಮನಿಸಬೇಕೆಂದು ಯುನಾನಿಯ ಮೂಲಪುರುಷ ಬುಕ್ರಾತ್ (ಹಿಪೊಕ್ರೆಟಿಸ್) ಹೇಳಿದ್ದಾರೆ. ಆದರೆ ಇದು ಪ್ರತಿವರ್ಷದ ಶೀತವೋ, ಬೇರೆ ಸೋಂಕು ಹರಡುತ್ತಿದೆಯೋ ಎಂಬುದು ಒಂದು ದವಾಖಾನೆಯಲ್ಲಿ ಕುಳಿತರೆ ತಿಳಿಯುವುದಿಲ್ಲ. ಅದಕ್ಕೆ ಇಡೀ ಜಿಲ್ಲೆಯ ಲೆಕ್ಕ ಬೇಕು.

ಲೆಕ್ಕ ಹೇಗೆ ನಡೆಯುತ್ತದೆ?

ನಮ್ಮ ದೇಶದಲ್ಲಿ 2004ರಿಂದ ಸಮಗ್ರ ರೋಗ ಸರ್ವೇಕ್ಷಣಾ ಕಾರ್ಯಕ್ರಮವಿದೆ. ಮಾಹಿತಿ ಮೂರು ಕಡೆಯಿಂದ ಬರುತ್ತದೆ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ರೋಗಲಕ್ಷಣ ಬರೆಯುತ್ತಾರೆ, ವೈದ್ಯರು ತಮ್ಮ ಅಂದಾಜಿನ ರೋಗವನ್ನು ಬರೆಯುತ್ತಾರೆ, ಪ್ರಯೋಗಾಲಯ ಖಚಿತಪಟ್ಟದ್ದನ್ನು ಬರೆಯುತ್ತದೆ. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿದ್ದ ಈ ವಿವರ 2021ರಿಂದ ದೇಶದಾದ್ಯಂತ ಆನ್‌ಲೈನ್‌ನಲ್ಲಿ ದಾಖಲಾಗುತ್ತಿದೆ. ಜಿಲ್ಲಾ ಸರ್ವೇಕ್ಷಣಾಧಿಕಾರಿ ಅದನ್ನು ಗಮನಿಸುತ್ತಾರೆ. ಕೋವಿಡ್ ದಿನಗಳಲ್ಲಿ ನೀವು ಕೇಳಿದ 'ಐಎಲ್‌ಐ' ಎಂದರೆ ಜ್ವರ ಮತ್ತು ಕೆಮ್ಮಿರುವ ಫ್ಲೂ ಮಾದರಿಯ ಕಾಯಿಲೆ. ಅದು ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಾದರೆ 'ಸಾರಿ'.

ಬರೀ ಸಂಖ್ಯೆ ನೋಡಿದರೆ ಮೋಸಹೋಗುತ್ತೇವೆ. ಭಾನುವಾರ ರಜೆಯಿದ್ದರೆ ಸೋಮವಾರ ರೋಗಿಗಳು ಹೆಚ್ಚು. ಹಬ್ಬದ ವಾರ ಕಡಿಮೆ. ಆದ್ದರಿಂದ ದಿನದ ಬದಲು ವಾರದ ಲೆಕ್ಕ ನೋಡಬೇಕು. ಹೊರರೋಗಿಗಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಕೆಮ್ಮು-ಜ್ವರ ಎಂದು ಕೇಳಬೇಕು. ಹಿಂದಿನ ವರ್ಷಗಳ ಇದೇ ವಾರಕ್ಕೆ ಹೋಲಿಸಬೇಕು. ಭಾರತದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ. ಆ ಕಾಲದಲ್ಲಿ ಏರಿದರೆ ನಿರೀಕ್ಷಿತ. ಕಾಲವಲ್ಲದ ಕಾಲದಲ್ಲಿ ಏರಿದರೆ, ಅಥವಾ 'ಸಾರಿ' ರೋಗಿಗಳು ಒಮ್ಮೆಲೇ ಹೆಚ್ಚಿದರೆ, ಗಂಟಲ ದ್ರವದ ಮಾದರಿ ಪರೀಕ್ಷಿಸಿ ಯಾವ ವೈರಸ್ ಎಂದು ನೋಡಬೇಕಾಗುತ್ತದೆ. 2023ರ ಆರಂಭದಲ್ಲಿ ಎಚ್3ಎನ್2 ಹರಡುತ್ತಿರುವುದು ಗೊತ್ತಾದದ್ದು ಇಂತಹ ಪರೀಕ್ಷೆಗಳಿಂದಲೇ.

ಲೆಕ್ಕಕ್ಕೆ ಸಿಗದವರು

ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆಯಿದ್ದ ವೃದ್ಧೆಯೊಬ್ಬರನ್ನು ಜ್ವರದ ಎಂಟನೆಯ ದಿನ ನನ್ನಲ್ಲಿಗೆ ಕರೆತಂದರು. ಏದುಸಿರು ಬಿಡುತ್ತಿದ್ದರು. ತಕ್ಷಣ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ನ್ಯುಮೋನಿಯಾ ಆಗಿತ್ತು. ದೇವರ ದಯೆ, ಬದುಕಿಕೊಂಡರು. ವಿಚಾರಿಸಿದರೆ ಅವರ ಬೀದಿಯಲ್ಲಿ ಮನೆಮನೆಯಲ್ಲೂ ಜ್ವರ. ಹೆಚ್ಚಿನವರು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದ್ದರು. ಅವರು ಯಾರ ಲೆಕ್ಕದಲ್ಲೂ ಇರಲಿಲ್ಲ. ನನ್ನ ರಿಜಿಸ್ಟರ್ ತೆರೆದು ನೋಡಿದೆ. ಅದೇ ಬೀದಿಯ ನಾಲ್ವರು ಆ ವಾರ ನನ್ನಲ್ಲಿಗೂ ಬಂದಿದ್ದರು. ನಾನು ಔಷಧಿ ಕೊಟ್ಟಿದ್ದೆ, ಆರೋಗ್ಯ ಕೇಂದ್ರಕ್ಕೆ ತಿಳಿಸಿರಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಕೆಮ್ಮು-ಜ್ವರದವರನ್ನು ಬೀದಿವಾರು ಎಣಿಸುತ್ತೇನೆ. ಒಂದೇ ಕಡೆ ಹೆಚ್ಚು ಕಂಡರೆ ಫೋನ್ ಮಾಡುತ್ತೇನೆ.

ನೀವೇನು ಮಾಡಬಹುದು?

ಒಂದೇ ಮನೆ, ಬೀದಿ, ಶಾಲೆ ಅಥವಾ ಹಾಸ್ಟೆಲ್‌ನಲ್ಲಿ ಒಂದೇ ವಾರ ಹಲವರಿಗೆ ಜ್ವರ ಬಂದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಆಕೆ ಮನೆಗೆ ಬಂದು ಕೇಳಿದಾಗ ಜ್ವರವನ್ನು ಮುಚ್ಚಿಡಬೇಡಿ. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ, ಕೈ ತೊಳೆಯಿರಿ, ಜ್ವರವಿರುವ ಮಗುವನ್ನು ಶಾಲೆಗೆ ಕಳುಹಿಸಬೇಡಿ. ವೈದ್ಯರು ಹೇಳದೆ ಆ್ಯಂಟಿಬಯಾಟಿಕ್ ಬೇಡ. ವೈರಸ್ ಮೇಲೆ ಅದು ಕೆಲಸ ಮಾಡದು. ಜೋಶಾಂದ ಗಂಟಲಿಗೆ ಹಿತ. ಆದರೆ ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಂಪರು, ಮಗು ಹಾಲು ಕುಡಿಯದಿರುವುದು ಕಂಡರೆ ಜೋಶಾಂದ ಕುದಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಮತ್ತು ಉಬ್ಬಸವಿರುವವರು ಫ್ಲೂ ಲಸಿಕೆಯ ಬಗ್ಗೆ ವೈದ್ಯರಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ.

ನಿಮ್ಮ ಮನೆಯ ಜ್ವರ ಸರಿಯಾದ ಸಮಯಕ್ಕೆ ದಾಖಲಾದರೆ, ಪಕ್ಕದ ಮನೆಯ ಅಜ್ಜಿ ಎಂಟನೆಯ ದಿನದವರೆಗೆ ಕಾಯಬೇಕಾಗುವುದಿಲ್ಲ.