ಇಂಗ್ಲಿಷ್ ಮಾತು ಕಿವಿಗೇಕೆ ತಪ್ಪುತ್ತದೆ?

ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿನ ವಿಜ್ಞಾನ ತರಗತಿಗಳಿಗೆ ಸೇರುವ ವಿದ್ಯಾರ್ಥಿಗಳಲ್ಲಿ ಒಂದು ಸಂಗತಿಯನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಇಂಗ್ಲಿಷ್ ಪಠ್ಯಪುಸ್ತಕದ ವಾಕ್ಯವೊಂದನ್ನು ಮುಂದಿಟ್ಟರೆ ಅವರು ನಿಧಾನವಾಗಿಯಾದರೂ ಓದಿ ಅದರ ಅರ್ಥವನ್ನು ಸರಿಯಾಗಿ ಹೇಳಬಲ್ಲರು. ಅದೇ ವಾಕ್ಯವನ್ನು ಅಧ್ಯಾಪಕರು ಸಹಜವಾದ ವೇಗದಲ್ಲಿ ಆಡಿದರೆ ಅರ್ಧದಷ್ಟೂ ಹಿಡಿತಕ್ಕೆ ಸಿಕ್ಕುವುದಿಲ್ಲ. ಒಂದೆರಡು ತಿಂಗಳು ಹೀಗೆಯೇ ಕಳೆದ ಮೇಲೆ ಕೆಲವರು ತಮಗೆ ಇಂಗ್ಲಿಷ್ ಬಾರದೆಂದೂ, ಮತ್ತೆ ಕೆಲವರು ತಮಗೆ ವಿಜ್ಞಾನವೇ ಒಗ್ಗದೆಂದೂ ತೀರ್ಮಾನಿಸಿಬಿಡುತ್ತಾರೆ. ಚೆನ್ನಾಗಿ ಕಲಿಯಬಲ್ಲವರು ಈ ಒಂದು ಕಾರಣಕ್ಕಾಗಿ ಓದನ್ನೇ ಬಿಡುವುದೂ ಉಂಟು.

ಈ ಎರಡು ತೀರ್ಮಾನಗಳಿಗೂ ಆಧಾರವಿಲ್ಲ. ತೊಡಕು ಬುದ್ಧಿಯಲ್ಲಿಲ್ಲ, ಕಿವಿಯಲ್ಲಿಯೂ ಇಲ್ಲ. ಇಂಗ್ಲಿಷ್ ಭಾಷೆಯು ತನ್ನ ವ್ಯಾಕರಣದ ಬಹುಭಾಗವನ್ನು ಅತ್ಯಂತ ದುರ್ಬಲವಾದ ಧ್ವನಿಗಳ ಮೇಲೆ ಹೊರಿಸಿದೆ; ಕನ್ನಡವು ಹಾಗೆ ಮಾಡಿಲ್ಲ. ಆದುದರಿಂದ ಕನ್ನಡದಲ್ಲಿ ಬೆಳೆದ ಕಿವಿಯು ಆ ಧ್ವನಿಗಳನ್ನು ಹುಡುಕುವುದೇ ಇಲ್ಲ. ವ್ಯಾಕರಣದ ಅಭ್ಯಾಸ ಬೇರೆ, ಕೇಳುವ ಅಭ್ಯಾಸ ಬೇರೆ ಎಂದು ಭಾವಿಸುವವರು ಎರಡರಲ್ಲಿಯೂ ಹಿಂದೆ ಬೀಳುತ್ತಾರೆ. ಇವೆರಡೂ ಒಂದೇ ಅಭ್ಯಾಸದ ಎರಡು ಮುಖಗಳೆಂಬುದನ್ನು ಭೌತವಿಜ್ಞಾನದ ಸಹಾಯದಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಧ್ವನಿಗಳ ಬಲಾಬಲ

ನಾವು ಮಾತನಾಡುವಾಗ ಕಂಠದಲ್ಲಿರುವ ಧ್ವನಿತಂತುಗಳು ಕಂಪಿಸುತ್ತವೆ. ಗಂಡಸರಲ್ಲಿ ಈ ಕಂಪನದ ಆವೃತ್ತಿಯು ಸೆಕೆಂಡಿಗೆ ಸುಮಾರು 100ರಿಂದ 150. ಹೆಂಗಸರಲ್ಲಿ ಸುಮಾರು 200. ಧ್ವನಿತಂತುಗಳಿಂದ ತುಟಿಯವರೆಗಿನ ದಾರಿಯು ಒಂದು ತುದಿ ಮುಚ್ಚಿದ ನಳಿಕೆಯಂತಿದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅನುರಣನ ನಳಿಕೆಯ ಪ್ರಯೋಗವನ್ನು ಮಾಡಿರುವವರಿಗೆ ಇದರ ಲೆಕ್ಕ ಸುಲಭ. ವಯಸ್ಕ ಗಂಡಸಿನಲ್ಲಿ ಈ ನಳಿಕೆಯ ಉದ್ದ ಸುಮಾರು 17 ಸೆಂಟಿಮೀಟರು. ಶಬ್ದದ ವೇಗವನ್ನು ಸೆಕೆಂಡಿಗೆ 340 ಮೀಟರೆಂದು ಹಿಡಿದರೆ, ಮೊದಲನೆಯ ಅನುರಣನವು 500 ಹರ್ಟ್ಸ್, ಎರಡನೆಯದು 1500, ಮೂರನೆಯದು 2500 ಎಂದು ಬರುತ್ತದೆ. ನಾಲಗೆಯನ್ನೂ ತುಟಿಗಳನ್ನೂ ಸರಿಸಿ ನಳಿಕೆಯ ಆಕಾರವನ್ನು ಬದಲಾಯಿಸಿದರೆ ಈ ಸಂಖ್ಯೆಗಳು ಬದಲಾಗುತ್ತವೆ. ಅ, ಇ, ಉ ಎಂಬ ಸ್ವರಭೇದಗಳು ಹುಟ್ಟುವುದು ಹೀಗೆ. ಅನುರಣನದ ಬೆಂಬಲವಿರುವುದರಿಂದ ಸ್ವರಗಳು ಬಲವಾಗಿರುತ್ತವೆ.

ವ್ಯಂಜನಗಳ ಸ್ಥಿತಿ ಬೇರೆ. ‘ಸ್’ ಎಂಬುದು ಹಲ್ಲಿನ ಸಂದಿನಲ್ಲಿ ಗಾಳಿ ನುಗ್ಗುವಾಗ ಏಳುವ ಸೀತ್ಕಾರ. ಅದರ ಶಕ್ತಿಯ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲಿರುತ್ತದೆ. ‘ಟ್’, ‘ಡ್’ ಎಂಬುವು ಕ್ಷಣಮಾತ್ರದ ಸ್ಫೋಟಗಳು. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಹಾರ್ವೆ ಫ್ಲೆಚರ್ ಎಂಬ ಭೌತವಿಜ್ಞಾನಿ ಇಂಗ್ಲಿಷ್ ಧ್ವನಿಗಳ ಸಾಮರ್ಥ್ಯವನ್ನು ಅಳೆದು ಒಂದು ಪಟ್ಟಿಯನ್ನು ಮಾಡಿದರು. ತೆಳು ಎಂಬರ್ಥದ ‘ಥಿನ್’ ಶಬ್ದದಲ್ಲಿ ನಾಲಗೆಯ ತುದಿ ಹಲ್ಲಿಗೆ ತಾಕಿ ಹೊರಡುವ ಮೊದಲ ಧ್ವನಿ ಎಲ್ಲಕ್ಕಿಂತ ದುರ್ಬಲ. ಅದರ ಸಾಮರ್ಥ್ಯವನ್ನು 1 ಎಂದು ಹಿಡಿದರೆ, ಎಲ್ಲ ಎಂಬರ್ಥದ ‘ಆಲ್’ ಶಬ್ದದ ಸ್ವರದ ಸಾಮರ್ಥ್ಯ 680. ಅಂದರೆ ಸುಮಾರು 28 ಡೆಸಿಬೆಲ್‌ಗಳ ಅಂತರ. ಅದೇ ಪಟ್ಟಿಯಲ್ಲಿ ‘ಸ್’ ಮತ್ತು ‘ಜ಼್’ ಧ್ವನಿಗಳಿಗೆ 16, ‘ಟ್’ ಧ್ವನಿಗೆ 15, ‘ಡ್’ ಧ್ವನಿಗೆ ಕೇವಲ 7. ಈ ನಾಲ್ಕು ಧ್ವನಿಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ವ್ಯಾಕರಣ ನೆಲೆಸಿರುವ ಸ್ಥಳ

ಇಂಗ್ಲಿಷಿನಲ್ಲಿ ಬಹುವಚನವನ್ನು ತೋರಿಸುವುದು ಯಾವುದು? ಶಬ್ದದ ಕೊನೆಯ ‘ಸ್’ ಅಥವಾ ‘ಜ಼್’. ಷಷ್ಠೀ ವಿಭಕ್ತಿಯನ್ನು ತೋರಿಸುವುದೂ ಅದೇ. ವರ್ತಮಾನ ಕಾಲದಲ್ಲಿ ‘ಅವನು ಮಾಡುತ್ತಾನೆ’ ಎಂಬಲ್ಲಿ ಕ್ರಿಯಾಪದಕ್ಕೆ ಅಂಟುವುದೂ ಅದೇ. ಭೂತಕಾಲವನ್ನು ತೋರಿಸುವುದು ‘ಟ್’ ಅಥವಾ ‘ಡ್’: ‘ಪಾಸ್‌ಟ್’, ‘ಮೂವ್‌ಡ್’. ‘ಹೀಟ್’ ಎಂಬಂತೆ ಧಾತುವಿನ ಕೊನೆಯಲ್ಲಿಯೇ ‘ಟ್’ ಅಥವಾ ‘ಡ್’ ಇದ್ದರೆ ಮಾತ್ರ ‘ಹೀಟಿಡ್’ ಎಂದು ಒಂದು ಸ್ವರ ಸೇರುತ್ತದೆ. ವಚನ, ವಿಭಕ್ತಿ, ಪುರುಷ, ಕಾಲ ಇಷ್ಟೂ ಹೊರೆ ಫ್ಲೆಚರರ ಪಟ್ಟಿಯ ಕೆಳತುದಿಯಲ್ಲಿರುವ ನಾಲ್ಕು ಧ್ವನಿಗಳ ಮೇಲಿದೆ. ಅವುಗಳ ಸ್ಥಾನವೂ ಶಬ್ದದ ಕಟ್ಟಕಡೆ. ಮುಂದಿನ ಶಬ್ದವು ಬಂದು ಅವುಗಳನ್ನು ನುಂಗಿಬಿಡುತ್ತದೆ.

ಇದನ್ನು ಕನ್ನಡದೊಂದಿಗೆ ಹೋಲಿಸಿ ನೋಡಿ. ‘ಮಾಡುತ್ತಾನೆ’, ‘ಮಾಡಿದನು’, ‘ಮಾಡುವನು’ ಎಂಬಲ್ಲಿ ಕಾಲಭೇದವನ್ನು ಇಡೀ ಅಕ್ಷರಗಳೇ ಹೊತ್ತಿವೆ. ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎಂಬಲ್ಲಿ ಪ್ರತಿಯೊಂದು ಪ್ರತ್ಯಯದಲ್ಲಿಯೂ ಬಲವಾದ ಸ್ವರವಿದೆ. ಆಡುಮಾತಿನಲ್ಲಿ ‘ಮಾಡ್ತಾನೆ’ ಎಂದು ಕುಗ್ಗಿದರೂ ‘ತಾನೆ’ ಎಂಬುದು ಉಳಿದೇ ಇರುತ್ತದೆ. ಬಹುವಚನದ ‘ಗಳು’ ಎಂಬುದಂತೂ ಎರಡು ಪೂರ್ಣಾಕ್ಷರಗಳು. ಸಂಖ್ಯೆಯನ್ನು ಹೇಳಿದ ಮೇಲೆ ಅದೂ ಬೇಕಾಗಿಲ್ಲ: ‘ಎರಡು ಪುಸ್ತಕ ಕೊಡಿ’ ಎಂದರೆ ಯಾರೂ ತಪ್ಪೆನ್ನುವುದಿಲ್ಲ. ಇಂತಹ ಭಾಷೆಯಲ್ಲಿ ಬೆಳೆದವನು ‘ಟೂ ಬುಕ್ಸ್’ ಎಂಬಲ್ಲಿ ‘ಟೂ’ ಕೇಳಿದೊಡನೆ ಅರ್ಥವು ಪೂರ್ಣವಾಯಿತೆಂದು ತಿಳಿಯುತ್ತಾನೆ. ಕೊನೆಯ ‘ಸ್’ ಬಂದರೂ ಬಾರದಿದ್ದರೂ ಅವನ ಮನಸ್ಸು ಗಮನಿಸುವುದಿಲ್ಲ. ಮುಂದೆ ಅವನು ಬರೆಯುವಾಗ ‘ಟೂ ಬುಕ್’ ಎಂದು ಬರೆದರೆ ಅದು ಕೇವಲ ವ್ಯಾಕರಣದೋಷವಲ್ಲ. ಕೇಳದಿದ್ದುದನ್ನು ಅವನು ಬರೆದಿಲ್ಲ, ಅಷ್ಟೆ.

ಇದರ ಜೊತೆಗೆ ಇಂಗ್ಲಿಷಿಗೆ ಇನ್ನೊಂದು ಗುಣವಿದೆ. ಅರ್ಥಭಾರವುಳ್ಳ ನಾಮಪದ, ಕ್ರಿಯಾಪದಗಳನ್ನು ಒತ್ತಿ ಹೇಳಿ, ‘ಎ’, ‘ದಿ’, ‘ಆಫ್’, ‘ಟು’, ‘ಹ್ಯಾವ್’, ‘ವಾಜ಼್’ ಮೊದಲಾದ ಸಣ್ಣ ಶಬ್ದಗಳನ್ನು ಅದು ಹಿಸುಕಿಬಿಡುತ್ತದೆ. ಅವುಗಳ ಸ್ವರಗಳೆಲ್ಲ ‘ಅ’ಕಾರದ ಛಾಯೆಯ ಒಂದು ಮಸುಕು ಸ್ವರವಾಗಿ ಉಳಿಯುತ್ತವೆ. ‘ಐ ಶುಡ್ ಹ್ಯಾವ್ ಟೋಲ್ಡ್ ಹಿಮ್’ ಎಂಬುದು ಮಾತಿನಲ್ಲಿ ‘ಐ ಶುಡವ್ ಟೋಲ್ಡಿಮ್’ ಎಂದಾಗುತ್ತದೆ. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವರಲ್ಲಿಯೂ ಅನೇಕರು ಇಲ್ಲಿ ‘ಹ್ಯಾವ್’ ಬದಲು ‘ಆಫ್’ ಎಂದು ಬರೆಯುತ್ತಾರೆ. ಅವರ ಕಿವಿಗೂ ನಮ್ಮ ಕಿವಿಗೂ ಬೀಳುವ ತರಂಗ ಒಂದೇ. ಅದು ಎರಡು ಶಬ್ದಗಳಿಗೂ ಹೊಂದುತ್ತದೆ. ‘ಶುಡ್’ ಎಂಬುದರ ಮುಂದೆ ಕ್ರಿಯಾಪದವೇ ಬರಬೇಕೆಂಬ ನಿಯಮವು ಮಾತ್ರ ಸರಿಯಾದುದನ್ನು ಆರಿಸಿಕೊಡುತ್ತದೆ.

ಕಿವಿ ಬಿಟ್ಟುದನ್ನು ಮನಸ್ಸು ತುಂಬುತ್ತದೆ

ಹಾಗಾದರೆ ಇಂಗ್ಲಿಷ್ ಬಲ್ಲವರು ಈ ದುರ್ಬಲ ಧ್ವನಿಗಳನ್ನೆಲ್ಲ ಕೇಳಿಸಿಕೊಳ್ಳುತ್ತಾರೆಯೆ? ಇಲ್ಲ. 1963ರಲ್ಲಿ ಪೊಲ್ಯಾಕ್ ಮತ್ತು ಪಿಕೆಟ್ ಎಂಬ ಸಂಶೋಧಕರು ಸಹಜ ಸಂಭಾಷಣೆಯ ಧ್ವನಿಮುದ್ರಣದಿಂದ ಒಂದೊಂದೇ ಶಬ್ದವನ್ನು ಕತ್ತರಿಸಿ ಇಂಗ್ಲಿಷ್ ಬಲ್ಲವರಿಗೆ ಕೇಳಿಸಿದರು. ಸುಮಾರು ಅರ್ಧದಷ್ಟು ಶಬ್ದಗಳು ಮಾತ್ರ ಅವರಿಗೆ ಗುರುತು ಸಿಕ್ಕಿದುವು. ಸುತ್ತಲಿನ ಮಾತು ಸೇರಿದಾಗ ಅವೇ ಶಬ್ದಗಳು ಸ್ಪಷ್ಟವಾದುವು.

1970ರಲ್ಲಿ ರಿಚರ್ಡ್ ವಾರನ್ ಪ್ರಕಟಿಸಿದ ಪ್ರಯೋಗವು ಇನ್ನೂ ಸ್ವಾರಸ್ಯವಾದುದು. ಆತನು ಒಂದು ವಾಕ್ಯದ ಧ್ವನಿಮುದ್ರಣದಿಂದ ಒಂದು ‘ಸ್’ ಧ್ವನಿಯನ್ನು ಪೂರ್ತಿಯಾಗಿ ತೆಗೆದು ಆ ಜಾಗದಲ್ಲಿ ಕೆಮ್ಮಿನ ಸದ್ದನ್ನು ಸೇರಿಸಿದನು. ಕೇಳಿದ 20 ಮಂದಿಯಲ್ಲಿ 19 ಮಂದಿ ಯಾವ ಧ್ವನಿಯೂ ಬಿಟ್ಟುಹೋಗಿಲ್ಲವೆಂದರು. ಉಳಿದ ಒಬ್ಬನು ಹೇಳಿದ ಧ್ವನಿಯು ತಪ್ಪಾಗಿತ್ತು. ಇಲ್ಲದ ‘ಸ್’ ಅವರಿಗೆ ಕೇಳಿಸಿತ್ತು! ಭಾಷೆಯನ್ನು ಬಲ್ಲ ಮನಸ್ಸು ಅದನ್ನು ಒದಗಿಸಿತ್ತು.

ಇದರಿಂದ ವ್ಯಾಕರಣದ ನಿಜವಾದ ಪ್ರಯೋಜನವು ತಿಳಿಯುತ್ತದೆ. ಅದು ಪರೀಕ್ಷೆಯಲ್ಲಿ ಬಿಟ್ಟಸ್ಥಳವನ್ನು ತುಂಬುವುದಕ್ಕೆ ಮಾತ್ರವಲ್ಲ. ಕೇಳುವಾಗ ಕಿವಿ ಬಿಟ್ಟ ಸ್ಥಳವನ್ನು ತುಂಬುವುದಕ್ಕೂ ಅದೇ ಬೇಕು. ಭೌತವಿಜ್ಞಾನದ ತರಗತಿಯಿಂದಲೇ ಎರಡು ಉದಾಹರಣೆಗಳನ್ನು ತೆಗೆದುಕೊಳ್ಳೋಣ.

‘ದಿ ಕರೆಂಟ್ ಇನ್‌ಕ್ರೀಸ್‌ಟ್ ಟು ಟೂ ಆಂಪಿಯರ್ಸ್’ ಎಂಬ ವಾಕ್ಯದಲ್ಲಿ ಭೂತಕಾಲದ ‘ಟ್’ ಮುಂದಿನ ‘ಟು’ವಿನೊಳಗೆ ಲೀನವಾಗುತ್ತದೆ. ಕಿವಿಗೆ ಬೀಳುವುದು ‘ಇನ್‌ಕ್ರೀಸ್ ಟು’ ಮಾತ್ರ. ಆದರೂ ಇದು ಭೂತಕಾಲವೆಂದು ಹೇಳಬಹುದು. ಹೇಗೆಂದರೆ, ‘ಕರೆಂಟ್’ ಏಕವಚನ. ವರ್ತಮಾನ ಕಾಲವಾಗಿದ್ದರೆ ‘ಇನ್‌ಕ್ರೀಸಿಜ಼್’ ಎಂದು ಒಂದು ಅಕ್ಷರ ಹೆಚ್ಚಾಗಿ ಕೇಳಿಸಬೇಕಾಗಿತ್ತು. ಅದು ಕೇಳಿಸಲಿಲ್ಲ, ಆದುದರಿಂದ ಭೂತಕಾಲ. ನಿಯಮವನ್ನು ಬಲ್ಲವನಿಗೆ ಕೇಳಿಸದಿದ್ದುದೂ ಒಂದು ಸಾಕ್ಷ್ಯ.

ಎರಡನೆಯದು ಹೆಚ್ಚು ಎಚ್ಚರವನ್ನು ಬೇಡುವಂತಹುದು. ಪ್ರಯೋಗಶಾಲೆಯಲ್ಲಿ ‘ಯು ಕ್ಯಾನ್ ಟಚ್ ದಿಸ್ ವೈರ್’ ಎಂದರೆ ಈ ತಂತಿಯನ್ನು ಮುಟ್ಟಬಹುದು. ‘ಯು ಕಾನ್‌ಟ್ ಟಚ್ ದಿಸ್ ವೈರ್’ ಎಂದರೆ ಮುಟ್ಟಬಾರದು. ನಿಷೇಧವನ್ನು ಸೂಚಿಸುವ ‘ಟ್’ ಧ್ವನಿಯು ‘ಟಚ್’ ಶಬ್ದದ ‘ಟ’ಕಾರದಲ್ಲಿ ಮುಳುಗಿಹೋಗುತ್ತದೆ. ಅದಕ್ಕಾಗಿ ಕಿವಿಗೊಟ್ಟು ಪ್ರಯೋಜನವಿಲ್ಲ. ನೋಡಬೇಕಾದುದು ಸ್ವರವನ್ನು. ಅನುಮತಿಯ ವಾಕ್ಯದಲ್ಲಿ ‘ಕ್ಯಾನ್’ ಹಿಸುಕಿಹೋಗಿ ‘ಕನ್’ ಎಂದಾಗುತ್ತದೆ. ನಿಷೇಧದಲ್ಲಿ ಸ್ವರವು ಕುಗ್ಗುವುದಿಲ್ಲ. ಒತ್ತು ಬಿದ್ದು ಪೂರ್ಣವಾಗಿ ನಿಲ್ಲುತ್ತದೆ. ಸಂದೇಹವಾದರೆ ಕೇಳಿ ತಿಳಿದ ಹೊರತು ತಂತಿಯನ್ನು ಮುಟ್ಟಲಾಗದು.

ಅಭ್ಯಾಸದ ಕ್ರಮ

ಇದಕ್ಕೆ ಹಳೆಯ ಶಾಲೆಗಳ ಉಕ್ತಲೇಖನಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮುದ್ರಿತ ಪಾಠವೂ ಜೊತೆಗಿರುವ ಧ್ವನಿಮುದ್ರಣವೊಂದನ್ನು ಆರಿಸಿಕೊಳ್ಳಬೇಕು. ಭಾರತೀಯ ತಂತ್ರಜ್ಞಾನ ಸಂಸ್ಥೆಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಎನ್‌ಪಿಟಿಇಎಲ್ ಉಪನ್ಯಾಸಗಳಲ್ಲಿ ಅನೇಕವಕ್ಕೆ ಲಿಖಿತ ರೂಪವೂ ದೊರೆಯುತ್ತದೆ. ಅರ್ಧ ನಿಮಿಷದಷ್ಟು ಭಾಗ ಸಾಕು. ಪಾಠವನ್ನು ನೋಡದೆ ಮೂರು ಬಾರಿ ಕೇಳಿ, ಕೇಳಿದಷ್ಟನ್ನು ಬರೆಯಬೇಕು. ತಿಳಿಯದ ಕಡೆ ಜಾಗ ಬಿಡಬೇಕು. ಅನಂತರ ಮುದ್ರಿತ ಪಾಠದೊಂದಿಗೆ ಹೋಲಿಸಬೇಕು.

ತಪ್ಪುಗಳನ್ನು ಎಣಿಸಿದರೆ ಸಾಲದು, ವಿಂಗಡಿಸಬೇಕು. ಅರ್ಥವೇ ಗೊತ್ತಿಲ್ಲದ ಶಬ್ದಗಳು ಒಂದು ಸಾಲಿಗೆ ಬರಲಿ. ಗೊತ್ತಿದ್ದೂ ಕಿವಿಗೆ ಸಿಕ್ಕದವು ಎರಡನೆಯ ಸಾಲಿಗೆ. ಬಿಟ್ಟುಹೋದ ‘ಸ್’, ‘ಟ್’, ‘ಡ್’ಗಳೂ ‘ಎ’, ‘ದಿ’, ‘ಆಫ್’ ಮೊದಲಾದುವೂ ಮೂರನೆಯ ಸಾಲಿಗೆ. ಮೂರನೆಯ ಸಾಲಿನ ಪ್ರತಿಯೊಂದು ತಪ್ಪಿನ ಮುಂದೆಯೂ, ‘ಇಲ್ಲಿ ಈ ಧ್ವನಿ ಇರಲೇಬೇಕೆಂದು ಯಾವ ನಿಯಮದಿಂದ ತಿಳಿಯಬಹುದಾಗಿತ್ತು?’ ಎಂದು ಪ್ರಶ್ನಿಸಿಕೊಂಡು ಉತ್ತರವನ್ನು ಬರೆಯಬೇಕು. ಕಡೆಗೆ ಪಾಠವನ್ನು ಕಣ್ಣಮುಂದಿಟ್ಟುಕೊಂಡು ಮತ್ತೊಮ್ಮೆ ಕೇಳಿ, ಅದೇ ಲಯದಲ್ಲಿ ಗಟ್ಟಿಯಾಗಿ ಓದಬೇಕು. ಧ್ವನಿಮುದ್ರಣದ ವೇಗವನ್ನು ಇಳಿಸುವುದರಿಂದ ಹೆಚ್ಚಿನ ಲಾಭವಿಲ್ಲ. ಮಸುಕು ಸ್ವರವು ನಿಧಾನವಾದರೆ ಸ್ಪಷ್ಟವಾಗುವುದಿಲ್ಲ, ಮಸುಕಾಗಿಯೇ ಉದ್ದವಾಗುತ್ತದೆ.

ಒಬ್ಬರದೇ ಧ್ವನಿಗೆ ಕಿವಿಯನ್ನು ಕಟ್ಟಿಹಾಕಬಾರದು. ಜಪಾನೀಯರಿಗೆ ಇಂಗ್ಲಿಷಿನ ‘ರ್’, ‘ಲ್’ ಧ್ವನಿಗಳ ಭೇದವನ್ನು ಹಿಡಿಯುವುದು ಕಷ್ಟ. 1991ರಲ್ಲಿ ಲೋಗನ್, ಲೈವ್ಲಿ, ಪಿಸೋನಿ ಎಂಬವರು ಹಲವು ಮಂದಿ ಆಡಿದ ಶಬ್ದಗಳನ್ನು ಕೇಳಿಸಿ ಅವರಿಗೆ ತರಬೇತಿಯನ್ನು ಕೊಟ್ಟಾಗ ಅವರು ಸುಧಾರಿಸಿದರು. ಆ ಬಗೆಯ ತರಬೇತಿಯ ಫಲವು ಮೂರು ತಿಂಗಳ ಮೇಲೂ ಉಳಿದಿದ್ದುದು ಮುಂದಿನ ಪ್ರಯೋಗಗಳಲ್ಲಿ ಕಂಡುಬಂದಿತು. ವಯಸ್ಕರ ಕಿವಿಯೂ ಕಲಿಯಬಲ್ಲುದು. ‘ತ’ಕಾರ ‘ಟ’ಕಾರಗಳ ಭೇದವು ನಮ್ಮ ಎಳೆಯರಿಗೂ ಸುಲಭ, ಇಂಗ್ಲಿಷ್ ಮಾತ್ರ ಬಲ್ಲ ಹಿರಿಯರಿಗೆ ಅದು ಕಷ್ಟ. ಅಂತಹ ಮನೆಗಳ ಮಕ್ಕಳು 6ರಿಂದ 8 ತಿಂಗಳ ವಯಸ್ಸಿನಲ್ಲಿ ಹಿಂದಿಯ ಈ ಭೇದವನ್ನು ಗುರುತಿಸಿ, ವರ್ಷ ತುಂಬುವುದರೊಳಗೆ ಆ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆಂದು ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದರು. ಪ್ರತಿಯೊಂದು ತಾಯಿನುಡಿಯೂ ಕಿವಿಯನ್ನು ತನಗೆ ಬೇಕಾದಂತೆ ತಿದ್ದುತ್ತದೆ. ಇದರಲ್ಲಿ ನಾಚಿಕೆಪಡುವಂತಹುದೇನೂ ಇಲ್ಲ.

ಎಲ್ಲಿ ಕುಳಿತು ಕೇಳಬೇಕು?

ಸ್ಥಳದ ವಿಚಾರವೂ ಅಲ್ಪವಲ್ಲ. ಬಯಲಿನಲ್ಲಿ ದೂರವು ಎರಡರಷ್ಟಾದರೆ ಶಬ್ದದ ತೀವ್ರತೆಯು ನಾಲ್ಕನೆಯ ಒಂದು ಪಾಲಿಗೆ, ಎಂದರೆ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಕೊಠಡಿಯಲ್ಲಿ ಗೋಡೆಗಳ ಪ್ರತಿಫಲನವು ಸೇರುವುದರಿಂದ ಅಷ್ಟೊಂದು ಇಳಿಯುವುದಿಲ್ಲ. ಆದರೆ ಆ ಪ್ರತಿಫಲನವೇ ಒಂದು ಧ್ವನಿಯ ಬಾಲವನ್ನು ಇನ್ನೊಂದರ ಮೇಲೆ ಹರಡುತ್ತದೆ. ಬೀಸಣಿಗೆಯ ಸದ್ದು, ಹೊರಗಿನ ರಸ್ತೆಯ ಸದ್ದು ಬೇರೆ. ಬಲವಾದ ಸ್ವರಗಳು ಇವನ್ನೆಲ್ಲ ದಾಟಿ ಕಡೆಯ ಬೆಂಚಿನವರೆಗೆ ಬರುತ್ತವೆ. 16, 15, 7 ಎಂಬ ಅಂಕಗಳ ಬಡಧ್ವನಿಗಳು ದಾರಿಯಲ್ಲಿಯೇ ಮುಳುಗುತ್ತವೆ. ಹಿಂದಿನ ದೂರವಾಣಿ ವ್ಯವಸ್ಥೆಯು ಸುಮಾರು 300ರಿಂದ 3400 ಹರ್ಟ್ಸ್‌ಗಳವರೆಗಿನ ಆವೃತ್ತಿಗಳನ್ನು ಮಾತ್ರ ಸಾಗಿಸುತ್ತಿದ್ದುದರಿಂದ ಅದರಲ್ಲಿ ‘ಎಫ್’, ‘ಎಸ್’ ಅಕ್ಷರಗಳು ಒಂದರಂತೆ ಒಂದು ಕೇಳಿಸುತ್ತಿದ್ದುವು. ಕಡೆಯ ಬೆಂಚಿನ ಪಾಡೂ ಬಹುಮಟ್ಟಿಗೆ ಅದೇ.

ಇಂಗ್ಲಿಷಿನಲ್ಲಿ ತಾವು ಹಿಂದೆ ಎಂದು ಅಂಜುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ಬೆಂಚನ್ನೇ ಆರಿಸಿಕೊಳ್ಳುತ್ತಾರೆ. ಯಾವ ಧ್ವನಿಗಳು ಅವರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಆ ಧ್ವನಿಗಳು ಅಲ್ಲಿಗೆ ತಲುಪುವುದೇ ಇಲ್ಲ. ಅವರು ನಾಳೆಯಿಂದಲೇ ಎರಡನೆಯ ಬೆಂಚಿಗೆ ಬರಲಿ. ದಿನಕ್ಕೆ ಅರ್ಧ ನಿಮಿಷದ ಮಾತನ್ನು ಕೇಳಿ ಬರೆದು, ಮೂರು ಸಾಲುಗಳ ತಪ್ಪಿನ ಪಟ್ಟಿಯನ್ನು ಬಿಡದೆ ಇಡಲಿ. ಕೆಲವು ತಿಂಗಳು ಕಳೆದ ಮೇಲೆ ಮೊದಲ ಪುಟವನ್ನು ತೆರೆದು ಈಗಿನ ಪುಟದೊಂದಿಗೆ ಹೋಲಿಸಲಿ. ಮೂರನೆಯ ಸಾಲು ಗಿಡ್ಡವಾಗಿದ್ದರೆ ಕಿವಿಯೂ ವ್ಯಾಕರಣವೂ ಒಟ್ಟಿಗೆ ಬೆಳೆದಿವೆಯೆಂದು ತಿಳಿಯಬಹುದು.